ಒಳಗಿನಿಂದ ಹೊರಕ್ಕೆ ಸುಟ್ಟ ತೂತುಗಳು

ಹೋದ ವಾರ ಸಿಂಗಪುರದ ಉಬಿಯಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಲು ಹೋಗಿ ಪಕ್ಕದ ಪ್ಲಾಸ್ಟಿಕ್ ಟ್ರೇಗೆ ತಾಗಿಸಿಬಿಟ್ಟಳು. ಚುರ್ ಎಂದು ಒಂದು ಸದ್ದು, ಒಂದೆಳೆ ಬಿಳಿ ಹೊಗೆ, ಆಮೇಲೆ ಆ ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನದು. ಗಂಟಲಲ್ಲಿ ಕೂತುಬಿಡುವಂಥದ್ದು. ನಾನು ಬೈಯಬೇಕಿತ್ತು, ಅಲ್ಲಿನ ಸೂಪರ್‌ವೈಸರ್ ನಾನೇ. ಬೈಯಲಿಲ್ಲ. ಬೆಳಗಿನಿಂದಲೇ ದಣಿದಿದ್ದೆ, ಅದೂ ಒಂದು ಕಾರಣ. ಇನ್ನೊಂದು, ಆ ವಾಸನೆ ಬಂದರೆ ನನಗೆ ಕ್ಲೆಮೆಂಟಿ ಬಡಾವಣೆಯ ಒಂದು ಅಡುಗೆಮನೆ ನೆನಪಾಗುತ್ತದೆ. ಕಿಟಕಿಯ ಪಕ್ಕ ನೆಲದ ಮೇಲೆ ಕೂತು, ಹಾವಿನ ಮರಿಗೆಂದು ತಂದ ಡಬ್ಬಿಗೆ ತೂತು ಹೊಡೆಯುತ್ತಿದ್ದ ಒಬ್ಬ ಹೆಂಗಸು...

ಅವರು ನನ್ನ ಮನೆ ಓನರ್. ನಾನು ಅವರ ಫ್ಲ್ಯಾಟಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದೆ. ಮೊದಲ ದಿನ ಆಂಟಿ ಎಂದು ಕರೆದಾಗ, "ಇನ್ನೊಂದ್ಸಲ ಆಂಟಿ ಅಂದ್ರೆ ರೆಂಟ್ ಜಾಸ್ತಿ ಮಾಡ್ತೀನಿ ನೋಡು" ಎಂದಿದ್ದರು. ಆದರೂ ನಾನು ಆಂಟಿ ಎಂದೇ ಕರೆದೆ, ಅವರು ಬಾಡಿಗೆ ಏರಿಸಲೂ ಇಲ್ಲ. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಉಡುಪಿ ಕಡೆಯವರು, ಮನೆಮಾತು ತುಳು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದ್ದರು. ಗಂಡನಿಗೆ ಟುವಾಸ್‌ನ ಬಂದರಿನಲ್ಲಿ ಶಿಫ್ಟ್ ಕೆಲಸ. ಆ ಅಂಕಲ್ ಮನೆಗೆ ಬಂದರೆ ಮಲಗುತ್ತಿದ್ದರು, ಎದ್ದರೆ ಹೊರಡುತ್ತಿದ್ದರು.

ನನ್ನ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ನಮ್ಮವ್ವ ಪ್ಯಾಂಟುಗಳ ಸೊಂಟಕ್ಕೆ ಬೆಲ್ಟಿನ ಪಟ್ಟಿ ಹೊಲಿಯುತ್ತಿದ್ದಳು. ಅದೊಂದೇ ಕೆಲಸ, ದಿನವಿಡೀ. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕಾಲೇಜಿನ ಲ್ಯಾಬಿನಲ್ಲಿ ಸೋಲ್ಡರಿಂಗ್ ಕಡ್ಡಿ ಸಾಲುತ್ತಿರಲಿಲ್ಲ, ಹುಡುಗರು ಮೊದಲು ಕಿತ್ತುಕೊಳ್ಳುತ್ತಿದ್ದರು. ಅದಕ್ಕೇ ಅವ್ವ ನನಗೊಂದು ಸ್ವಂತದ್ದು ಕೊಡಿಸಿದ್ದಳು. ಮೇಲಿನ ಓದಿಗೆಂದು ಸಿಂಗಪುರಕ್ಕೆ ಬರುವಾಗ ಬಟ್ಟೆಗಳ ನಡುವೆ ಅದನ್ನೂ ಸುತ್ತಿಟ್ಟುಕೊಂಡು ಬಂದಿದ್ದೆ. ಜೊತೆಗೆ ಅವ್ವ ಕೊಟ್ಟ ಜೀನ್ಸ್ ಹೊಲಿಯುವ ದಪ್ಪ ಕಂದು ದಾರದ ಒಂದು ಉಂಡೆ. ಈ ಎರಡೂ ಮುಂದೆ ಹಾವಿಗೆ ಉಪಯೋಗಕ್ಕೆ ಬರುತ್ತವೆಂದು ಯಾರಿಗೆ ಗೊತ್ತಿತ್ತು.

ಆಂಟಿ ಕೆಲಸ ಮಾಡುತ್ತಿದ್ದುದು ಶಾಲೆ ಮಕ್ಕಳಿಗೆ ಪ್ರಾಣಿಗಳನ್ನು ತೋರಿಸಿ ವಿವರಿಸುವ ಒಂದು ಸಣ್ಣ ಕೇಂದ್ರದಲ್ಲಿ. ಇಲ್ಲಿ ಮನೆಯಲ್ಲಿ ಹಾವು ಸಾಕುವಂತಿಲ್ಲ, ಕಾನೂನು ಬಿಗಿ. ಆದರೂ ಯಾರೋ ಒಬ್ಬ ಹಾವಿನ ಮರಿಯೊಂದನ್ನು ಕದ್ದುಮುಚ್ಚಿ ತರಿಸಿಕೊಂಡು ಮೀನಿನ ತೊಟ್ಟಿಯಲ್ಲಿಟ್ಟು ಸಿಕ್ಕಿಬಿದ್ದಿದ್ದ. ಆ ಮರಿ ಅನುಮತಿಯಿದ್ದ ಈ ಕೇಂದ್ರಕ್ಕೆ ಬಂತು. ಆಫ್ರಿಕಾ ಕಡೆಯ ಹೆಬ್ಬಾವಿನ ಜಾತಿ, ಬಾಲ್ ಪೈಥಾನ್. ಹೆಸರು ಕೇಳಿ ಹೆದರಬೇಕಿಲ್ಲ, ದೊಡ್ಡದಾದರೂ ಒಬ್ಬ ಮನುಷ್ಯನ ಎತ್ತರ ಮುಟ್ಟುವುದಿಲ್ಲ. ಆಗ ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತಿತ್ತು. ಬಂದಾಗಿನಿಂದ ಒಂದು ಇಲಿಮರಿಯನ್ನೂ ಮುಟ್ಟಿರಲಿಲ್ಲ.

"ಜ್ವರ ಇಲ್ಲ, ಹುಳ ಇಲ್ಲ, ಎಂತದೂ ಇಲ್ಲ. ಮನೆ ದೊಡ್ಡದಾಗಿದೆ ಅದಕ್ಕೆ, ಅಷ್ಟೇ" ಎಂದರು ಆಂಟಿ.

ನನಗೆ ನಗು ಬಂತು. ನಾವು ಆರು ಜನ ಒಂದೇ ಕೋಣೆಯಲ್ಲಿ ಕಾಲು ಮಡಚಿಕೊಂಡು ಮಲಗಿದವರು. ಮನೆ ದೊಡ್ಡದಾಯಿತೆಂದು ಊಟ ಬಿಟ್ಟವರನ್ನು ನಾನು ಎಲ್ಲೂ ಕಂಡಿರಲಿಲ್ಲ. ಹಾಗೆಂದು ಹೇಳಿದೆ ಕೂಡ. ಆಂಟಿ ಸಿಟ್ಟಾಗಲಿಲ್ಲ. ಕಾಡಿನಲ್ಲಿ ಈ ಮರಿಗಳು ಗೆದ್ದಲ ಹುತ್ತದ ಸಂದಿಯಲ್ಲೋ ಇಲಿಯ ಬಿಲದಲ್ಲೋ ಇರುತ್ತವೆ, ಮೈಗೆ ಎಲ್ಲ ಕಡೆಯಿಂದಲೂ ಗೋಡೆ ತಾಗಬೇಕು, ಬಯಲಲ್ಲಿ ಬಿಟ್ಟರೆ ಯಾವ ಹಕ್ಕಿ ಎತ್ತಿಕೊಂಡು ಹೋಗುತ್ತದೋ ಎಂಬ ಭಯದಲ್ಲೇ ದಿನ ಕಳೆಯುತ್ತವೆ, ಭಯದಲ್ಲಿರುವವನಿಗೆ ಹಸಿವೆಲ್ಲಿ ಎಂದರು.

ಅಳತೆಗೆ ನನ್ನ ಜೀನ್ಸ್ ದಾರ ತೆಗೆದುಕೊಂಡು ಹೋದರು. ಮರಿ ಗೋಡೆಯ ಬುಡ ಹಿಡಿದು ಹರಿಯುವಾಗ ಪಕ್ಕದಲ್ಲೇ ದಾರ ಹಾಸಿ, ಮೂಗಿನಿಂದ ಬಾಲದವರೆಗೆ ಅಳೆದು ಕತ್ತರಿಸಿಕೊಂಡು ಬಂದರು. ಆಮೇಲೆ ನಾವಿಬ್ಬರೂ ನಮ್ಮ ಬ್ಲಾಕಿನ ಕೆಳಗಿನ ಅಂಗಡಿಗೆ ಹೋದೆವು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದಕ್ಕೂ ದಾರ ಹಿಡಿದು ನೋಡಿದರು. ಉದ್ದದ ಒಂದು ಬದಿ, ಅಗಲದ ಒಂದು ಬದಿ, ದಾರ ಅಲ್ಲಿಗೆ ಮುಗಿಯಬೇಕು. ಜಾಸ್ತಿ ಉಳಿದರೆ ಡಬ್ಬಿ ಚಿಕ್ಕದು, ಸಾಲದೆ ಬಂದರೆ ದೊಡ್ಡದು. ಅಂಗಡಿಯ ಚೀನೀ ಆಂಟಿ ಬಹಳ ಹೊತ್ತು ನೋಡಿ, ಏನಿಡುವುದಕ್ಕೆ ಎಂದು ಕೇಳಿದಳು. ನಮ್ಮ ಆಂಟಿ ಮುಖವನ್ನೂ ಎತ್ತದೆ "ಸ್ವೆಟರ್" ಎಂದರು. "ಸಿಂಗಪುರ್ ಸೋ ಹಾಟ್, ವೇರ್ ಗಾಟ್ ಸ್ವೆಟರ್ ಲಾ!" ಎಂದು ಅವಳು ನಕ್ಕಳು. ಲಿಫ್ಟಿನಲ್ಲಿ ನಾವೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.

ತೂತು ಹೊಡೆದದ್ದು ಆ ಸಂಜೆ, ಅಡುಗೆಮನೆಯ ಕಿಟಕಿ ತೆಗೆದಿಟ್ಟುಕೊಂಡು. ನಾನು ಹೊರಗಿನಿಂದ ಕಡ್ಡಿ ಚುಚ್ಚಲು ಹೋದಾಗ ಕೈ ಹಿಡಿದು ನಿಲ್ಲಿಸಿದರು.

"ಒಳಗಿಂದ ಚುಚ್ಚಬೇಕು ಕಣೇ. ಕರಗಿದ್ದು ಯಾವ ಕಡೆ ಉಬ್ಬುತ್ತೋ ಆ ಕಡೆ ಚೂಪಾಗುತ್ತೆ. ರಾತ್ರಿಯಿಡೀ ಅದು ಮೂಗು ಉಜ್ಜೋದು ಒಳಗಡೆ. ಹೊರಗಡೆ ತರಚಿದ್ರೆ ನಮ್ಮ ಕೈ ತಾನೇ ತರಚೋದು?"

ಡಬ್ಬಿಯೊಳಗೆ ಕೈ ತೂರಿಸಿ ಒಳಗಿನಿಂದ ಚುಚ್ಚುವುದು ಕಷ್ಟ, ಮಣಿಕಟ್ಟು ನೋಯುತ್ತದೆ. ಒಂದು ಬದಿ ಅವರದು, ಒಂದು ಬದಿ ನನ್ನದು. ಅವರ ಸಾಲು ಗೆರೆ ಎಳೆದ ಹಾಗೆ ಬಂತು. ನಾನು ಇಂಜಿನಿಯರು, ನನ್ನದು ಸೊಟ್ಟ. ಅದಕ್ಕೂ ತಮಾಷೆ ಮಾಡಿದರು. ಮರುದಿನ ಡಬ್ಬಿಯ ತಳಕ್ಕೆ ಕಾಗದ ಹಾಸಿ, ನುಸುಳಿಕೊಳ್ಳಲು ಆ ತುದಿಗೊಂದು ಈ ತುದಿಗೊಂದು ತೆಂಗಿನ ಚಿಪ್ಪು ಬೋರಲಿಟ್ಟು, ನೀರಿನ ಬಟ್ಟಲಿಟ್ಟು, ಒಂದು ತುದಿಯ ಕೆಳಗೆ ಬೆಚ್ಚಗಿನ ಪಟ್ಟಿ ಹಾಕಿ ಮರಿಯನ್ನು ಬಿಟ್ಟರಂತೆ. ಕೆಲವು ದಿನ ಯಾರೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ನಾನು ಎಂಆರ್‌ಟಿ ರೈಲಿನಲ್ಲಿದ್ದಾಗ ಅವರ ಮೆಸೇಜು ಬಂತು, ಎರಡೇ ಪದ: "ತಿಂತು ಮಾರಾಯ್ತಿ."

ಆಮೇಲೆ ಊರಿನಿಂದ ಅವರ ಅತ್ತೆ ಬಂದರು.

ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಒಳ್ಳೆಯ ಜೀವ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು, ನಮ್ಮವ್ವನ ಕೆಲಸದ ಬಗ್ಗೆ ಕೇಳಿ ಕೇಳಿ ತಿಳಿದುಕೊಂಡಿದ್ದರು. ಅತ್ತೆ ಸೊಸೆ ಮಾತಾಡುತ್ತಿದ್ದುದು ತುಳುವಿನಲ್ಲಿ. ನಾನು ಹತ್ತಿರವಿದ್ದರೆ ಮರ್ಯಾದೆಗೆ ಕನ್ನಡಕ್ಕೆ ಬರುತ್ತಿದ್ದರು, ಜಗಳದ ಮಧ್ಯದಲ್ಲೂ. ಹಾಗಾಗಿ ಆ ಮನೆಯ ಜಗಳಗಳೆಲ್ಲ ನನಗೆ ಅರ್ಧರ್ಧವಾದರೂ ಗೊತ್ತು.

ಅಂಕಲ್ ಆಂಟಿಗೆ ಮಕ್ಕಳಿರಲಿಲ್ಲ. ಆಸ್ಪತ್ರೆಗೆ ಅಲೆದು, ಚುಚ್ಚಿಸಿಕೊಂಡು, ಕಾದು, ಅತ್ತು, ಅವರು ದಣಿದಿದ್ದರು. ಅಜ್ಜಿ ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದಾಗ, ಮನೆಯವರ ಕೈಯಲ್ಲಿ ನಾಗನಿಗೆ ಇಕ್ಕಟ್ಟಾಗಿದೆ ಎಂದು ಬಂದಿತ್ತಂತೆ. ಅದು ಹೇಗೆ, ಎಲ್ಲಿ ಎಂದು ಯಾರಿಗೂ ತಿಳಿದಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಸೊಸೆಯ ಜೊತೆ ಒಂದು ದಿನ ಕೇಂದ್ರಕ್ಕೆ ಹೋದ ಅಜ್ಜಿ, ಹಿಂದಿನ ಕೋಣೆಯ ಕಪಾಟಿನಲ್ಲಿ ಆ ಡಬ್ಬಿಯನ್ನು ಕಂಡರು. ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲೇ ಶುರುಮಾಡಿದರು.

"ಇದು ಬಟ್ಟೆ ಇಡುವ ಡಬ್ಬಿ ಅಲ್ವಾ? ಇದ್ರಲ್ಲಿ ಹಾಕಿ ಮುಚ್ಚಳ ಮುಚ್ಚಿದ್ದಾಳೆ! ಒಳ್ಳೇದನ್ನು! ಎಂತ ಹೆಣ್ಣೇ ನೀನು?" ನಾಗನ ಹೆಸರೆತ್ತದೆ ಒಳ್ಳೇದು ಎನ್ನುವುದು ಆ ಕಡೆಯ ರೂಢಿ.

"ಅತ್ತೆ, ಅದು ನಾಗ ಅಲ್ಲ. ಹೆಬ್ಬಾವಿನ ಜಾತಿ. ಆಫ್ರಿಕಾದ್ದು."

"ಆಫ್ರಿಕಾದ್ದಾದ್ರೆ ಎಂತ, ಹೊಟ್ಟೆಯಲ್ಲೇ ಹರಿಯುದಲ್ವಾ? ಹಾಲು ಇಡ್ತೀಯಾ ಇಲ್ವಾ?"

"ಅದು ಇಲಿ ತಿನ್ನುತ್ತೆ ಅತ್ತೆ."

"ಛೀ, ದೀಪ ಹಚ್ಚುವ ಹೊತ್ತಲ್ಲಿ ಅದೆಲ್ಲ ಹೇಳ್ಬೇಡ."

ನಾನು ನಗು ತಡೆಯಲು ರೂಮಿಗೆ ಹೋದೆ. ಆದರೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಕರಾವಳಿಯಲ್ಲಿ ನಾಗನಿಗೆ ಕಟ್ಟೆ ಕಟ್ಟಿಸುತ್ತೇನೆಂದು ಹರಕೆ ಹೊರುತ್ತಾರಲ್ಲ, ಅಜ್ಜಿ ಇಲ್ಲಿ ಅದನ್ನೇ ಮಾಡಿದರು. ನಾಗನಿಗೆ ವಿಸ್ತಾರವಾದ ಮನೆ ಮಾಡಿಸಿಕೊಡುತ್ತೇವೆ, ನಮ್ಮ ಮನೆಗೊಂದು ಕುಡಿ ಕೊಡು ಎಂದು ಬೇಡಿಕೊಂಡರು. ಅಂಕಲ್‌ಗೆ ಅಮ್ಮನ ಮಾತು ಮೀರಲಾಗಲಿಲ್ಲ. ಅಷ್ಟುದ್ದದ ಗಾಜಿನ ಪೆಟ್ಟಿಗೆ ಮಾಡಿಸಿದರು, ಒಳಗೆ ದೀಪ, ಮರದ ಕೊಂಬೆ, ಹಿಂದೆ ಕಾಡಿನ ಚಿತ್ರ. ಕೇಂದ್ರದ ಮ್ಯಾನೇಜರ್‌ಗೆ ಖುಷಿಯೋ ಖುಷಿ. ಕಪಾಟಿನಲ್ಲಿದ್ದ ಹಾವು ಮುಂದಿನ ಹಾಲ್‌ಗೆ ಬಂದರೆ ಮಕ್ಕಳಿಗೆ ಕಾಣುತ್ತದಲ್ಲ.

ಇನ್ನೊಂದೆರಡು ವರ್ಷ ಕಳೆಯಲಿ, ಮರಿ ಬೆಳೆಯಲಿ, ಆಗ ಇದು ಸರಿಹೋಗುತ್ತದೆ ಎಂದು ಆಂಟಿ ಎಲ್ಲರಿಗೂ ಹೇಳಿ ನೋಡಿದರು. ನನಗೂ ಹೇಳಿದರು. ನಿಜ ಹೇಳಬೇಕೆಂದರೆ ನನಗೆ ಗಾಜಿನ ಮನೆಯೇ ಚೆನ್ನಾಗಿ ಕಂಡಿತ್ತು. ಕೊನೆಗೆ ಆಂಟಿ ಹೂಂ ಎಂದರು. ಒಪ್ಪಿ ಹೇಳಿದ ಹೂಂ ಅಲ್ಲ ಅದು, ಸುಸ್ತಾಗಿ ಹೇಳಿದ್ದು. ಒಳ್ಳೆಯ ದಿನ ನೋಡಿ ಮರಿಯನ್ನು ಅದರೊಳಗೆ ಬಿಟ್ಟರು. ಅಜ್ಜಿ ಸೆರಗಿನ ಗಂಟಿನಿಂದ ಊರಿನ ಅರಸಿನ ತೆಗೆದು, ಗಾಜಿನ ಮೂಲೆಗೆ ಹೊರಗಿನಿಂದ ಬೊಟ್ಟಿಟ್ಟು ಕೈಮುಗಿದರು.

ಮರಿ ಮತ್ತೆ ತಿನ್ನುವುದನ್ನು ಬಿಟ್ಟಿತು.

ಆಂಟಿ ಏನೆಲ್ಲ ಮಾಡಿದರು... ಮೂರು ಬದಿಗೆ ಕಪ್ಪು ಕಾಗದ ಅಂಟಿಸಿದರು, ಒಣಗಿದ ಎಲೆ ತುಂಬಿದರು, ಚಿಪ್ಪುಗಳನ್ನು ಇಟ್ಟರು. ಆದರೆ ಹಾಲ್‌ನಲ್ಲಿ ಮಕ್ಕಳು ಗಾಜು ಬಡಿಯುತ್ತಿದ್ದರು, ಮ್ಯಾನೇಜರ್ ಬಂದು ಕಾಗದ ಕೀಳಿಸುತ್ತಿದ್ದ. ಮರಿ ರಾತ್ರಿಯೆಲ್ಲ ಗಾಜಿನ ಅಂಚಿಗೆ ಮೂಗು ಉಜ್ಜಿ ಉಜ್ಜಿ ಮೂಗಿನ ತುದಿ ಕೆಂಪಾಯಿತು. ತೂಕ ಇಳಿಯಿತು, ಬೆನ್ನೆಲುಬಿನ ಗೆರೆ ಎದ್ದು ಕಾಣತೊಡಗಿತು. ಆಂಟಿ ಮನೆಗೆ ಬಂದು ಫೋನಿನಲ್ಲಿ ಫೋಟೋ ತೋರಿಸುತ್ತಿದ್ದರು. ಇನ್ನು ಹೀಗೇ ಬಿಟ್ಟರೆ ಉಳಿಯುವುದಿಲ್ಲ, ಡಬ್ಬಿಗೆ ವಾಪಸ್ ಹಾಕಬೇಕು ಎಂದು ಅವರು ತೀರ್ಮಾನಿಸಿದ ಹೊತ್ತಿಗೇ ಅದೊಂದು ನಡೆಯಿತು. ಅವರಿಗೆ ದಿನ ತಪ್ಪಿತ್ತು. ಪರೀಕ್ಷೆಯೂ ಹೌದು ಎಂದಿತ್ತು.

ಆ ವಾರ ಆ ಮನೆ ಹೇಗಿತ್ತು ಎಂದು ಹೇಳಲಾರೆ. ಅಂಕಲ್ ಮೊದಲ ಸಲ ನನ್ನ ಜೊತೆ ಕೂತು ಚಹಾ ಕುಡಿದರು. ಅಜ್ಜಿ ಬೆಳಿಗ್ಗೆ ಸಂಜೆ ಊರಿನ ದಿಕ್ಕಿಗೆ ಕೈಮುಗಿಯುತ್ತಿದ್ದರು. ನಾಗ ಮನೆ ಒಪ್ಪಿಕೊಂಡ, ಇನ್ನು ಅದನ್ನು ಯಾರೂ ಮುಟ್ಟಬಾರದು ಎಂದರು. ಪ್ರತಿಷ್ಠೆ ಮಾಡಿದ್ದನ್ನು ಕೀಳುವುದುಂಟೇ?

ಅಡುಗೆಮನೆಯಲ್ಲಿ ಆಂಟಿ ಒಬ್ಬರೇ ಇದ್ದಾಗ ನಾನು ಹೋಗಿ ನಿಂತೆ. ಅಕ್ಕಿ ತೊಳೆಯುತ್ತಿದ್ದರು. ಒಂದೇ ಅಕ್ಕಿಯನ್ನು ತೊಳೆಯುತ್ತಲೇ ಇದ್ದರು.

"ಈಗ ತೆಗೆದು, ನಾಳೆ ನಂಗೆ ಏನಾದ್ರೂ ಆದ್ರೆ, ಸಾಯೋ ತನಕ ಇದೇ ಮಾತು ಕೇಳಬೇಕು ನಾನು" ಎಂದರು.

"ಸ್ವಲ್ಪ ದಿನ ಬಿಡಿ ಆಂಟಿ. ಸ್ಕ್ಯಾನ್ ಒಂದು ಆಗ್ಲಿ."

"ನಂಗೆ ಟೈಮ್ ಇದೆ. ಅದಕ್ಕಿಲ್ಲ."

ಅವರು ನನ್ನ ಅಭಿಪ್ರಾಯ ಕೇಳುತ್ತಿರಲಿಲ್ಲ ಎಂದು ಆಗ ತಿಳಿಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅತ್ತೆಯ ಎದುರು ಕೂತು ತಾವೇ ಹೇಳಿದರು, ಕನ್ನಡದಲ್ಲಿ. ನಾನೂ ಕೇಳಿಸಿಕೊಳ್ಳಲಿ ಎಂದಿರಬೇಕು. "ಅತ್ತೆ, ನೀವು ಮಾಡಿಸಿದ ಮನೆ ತಪ್ಪಲ್ಲ. ಬೇಗ ಆಯ್ತು ಅಷ್ಟೇ. ಅದನ್ನ ಬೇರೆ ಯಾರಿಗೂ ಕೊಡೋದಿಲ್ಲ, ಖಾಲಿ ಇಡ್ತೇನೆ. ದೊಡ್ಡದಾದ ಮೇಲೆ ಅದ್ರಲ್ಲೇ ಬಿಡ್ತೇನೆ. ಈಗ ಮಾತ್ರ ತೆಗೀಲೇಬೇಕು, ಸಾಯ್ತಾ ಉಂಟು ಅದು."

ಅಜ್ಜಿ ಎದ್ದು ಒಳಗೆ ಹೋದರು.

ಡಬ್ಬಿಗೆ ಬಂದ ಮೇಲೆ ಮರಿ ತಿಂದಿತು. ಅದರ ಖುಷಿಯನ್ನು ಈ ಸಲ ಆಂಟಿ ಮೆಸೇಜು ಮಾಡಲಿಲ್ಲ, ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಹೇಳಿದರು. ಅದಾಗಿ ಹೆಚ್ಚು ದಿನವಿಲ್ಲ, ಅವರ ಬಸಿರು ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಇದು ಯಾರಿಗೂ ಆಗಬಹುದು, ಯಾರ ಕೈಯಲ್ಲೂ ಇಲ್ಲ, ಮೊದಲೇ ಗಟ್ಟಿ ನಿಂತಿರಲಿಲ್ಲ ಎಂದರಂತೆ. ಡಾಕ್ಟರ ಮಾತು ಮನೆಯ ಬಾಗಿಲವರೆಗೂ ಬರಲಿಲ್ಲ.

ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಸೊಸೆಗೆ ಗಂಜಿ ಮಾಡಿಕೊಟ್ಟರು, ಕಾಲು ಒತ್ತಿದರು, ಸೊಸೆಯ ಜೊತೆ ತಾವೂ ಅತ್ತರು. ಆಮೇಲೊಂದು ಬೆಳಿಗ್ಗೆ ಅರಸಿನದ ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಕಟ್ಟಿ ತಂದು ಆಂಟಿಯ ಮುಂದೆ ಹಿಡಿದರು. ತಪ್ಪುಕಾಣಿಕೆ. ಕಣ್ಣಿಗೊತ್ತಿಕೊಂಡು ಕೊಡಬೇಕು, ಊರಿಗೆ ಹೋದ ಮೇಲೆ ನಾಗನ ಕಟ್ಟೆಯಲ್ಲಿ ಇಟ್ಟು ಬರುತ್ತೇನೆ, ಅಲ್ಲಿಗೆ ಮುಗಿಯಿತು ಎಂದರು. ಪಾಪ, ಅವರಿಗೆ ಅದು ಶಿಕ್ಷೆಯಾಗಿರಲಿಲ್ಲ. ಸೊಸೆಯ ತಲೆಯ ಮೇಲಿನ ಭಾರ ಇಳಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಆಂಟಿ ಆ ಹಳದಿ ಗಂಟನ್ನು ನೋಡಿದರು. ಕೈ ಚಾಚಲಿಲ್ಲ.

"ನಾನು ತಪ್ಪು ಮಾಡ್ಲಿಲ್ಲ ಅತ್ತೆ."

"ಮಾಡಿದ್ದಿ ಅಂತ ಯಾರು ಹೇಳಿದ್ರು? ಸುಮ್ನೆ ಮುಟ್ಟಿ ಕೊಡು ಮಗಾ."

"ಮುಟ್ಟಿದ್ರೆ ಹೌದು ಅಂದ ಹಾಗೆ ಆಗ್ತದೆ."

ಅಂಕಲ್ ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದರು. "ಒಂದು ಕಾಯಿನ್ ಮುಟ್ಟೋಕೆ ಏನು ಕಷ್ಟ ನಿಂಗೆ?" ಎಂದರು. ಜೋರಾಗಿಯೂ ಹೇಳಲಿಲ್ಲ. ಆಂಟಿ ಅವರ ಕಡೆ ತಿರುಗಿ ನೋಡಿದರು. ಆ ಮನೆಯಲ್ಲಿ ಏನೋ ಮುರಿದದ್ದು ಆಸ್ಪತ್ರೆಯ ದಿನವಲ್ಲ, ಆ ಬೆಳಿಗ್ಗೆ. ನಾನು ರೂಮಿನ ಬಾಗಿಲ ಸಂದಿಯಲ್ಲಿ ನಿಂತಿದ್ದೆ, ಹೊರಗೆ ಬರಲೂ ಆಗದೆ, ಬಾಗಿಲು ಹಾಕಿಕೊಳ್ಳಲೂ ಆಗದೆ.

ಅಜ್ಜಿ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಊರಿಗೆ ಹೋದರು. ಆಂಟಿ ಇನ್ನೂ ಕೆಲವು ಕಾಲ ಇದ್ದರು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಗಂಡಹೆಂಡಿರ ನಡುವೆ ಉಪ್ಪು, ಕರೆಂಟ್ ಬಿಲ್ಲು, ಬೀಗದ ಕೈ ಇಷ್ಟರ ಬಗ್ಗೆ ಮಾತ್ರ ಮಾತಿತ್ತು. ಆಮೇಲೆ ಒಂದು ದಿನ ಅವರು ಹೊರಟುಬಿಟ್ಟರು. ಬ್ಲಾಕಿನ ಕೆಳಗಿನ ಖಾಲಿ ಅಂತಸ್ತಿನಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಟ್ಯಾಕ್ಸಿಗೆ ಕಾಯುವಾಗ ನಾನು ಸೂಟ್‌ಕೇಸ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಕೇಳಲು ಧೈರ್ಯವಾಗಲಿಲ್ಲ. "ಕಡ್ಡಿ ಹುಷಾರು. ಅಮ್ಮ ಕೊಡ್ಸಿದ್ದು, ಕಳ್ಕೋಬೇಡ" ಎಂದರು. ಅಷ್ಟೇ. ಮೊದಮೊದಲು ಮೆಸೇಜುಗಳಿದ್ದವು, ಹಬ್ಬಕ್ಕೊಂದು, ನನ್ನ ಹುಟ್ಟಿದ ದಿನಕ್ಕೊಂದು. ನಿಂತದ್ದು ಯಾವಾಗ ಎಂದು ನನಗೂ ನೆನಪಿಲ್ಲ... ಈಗ ಆ ನಂಬರಿನಲ್ಲಿ ಯಾರದೋ ಮಗುವಿನ ಫೋಟೋ ಬರುತ್ತದೆ. ಅವರ ಮಗು ಇರಬಹುದೇ ಎಂದು ಒಂದು ಕ್ಷಣ ಆಸೆಯಾಗಿತ್ತು. ಕರೆ ಮಾಡಿದೆ. ಬೇರೆ ಯಾರೋ ಎತ್ತಿದರು, ಬೇರೆ ಯಾವುದೋ ಭಾಷೆ.

ವರ್ಕ್‌ಶಾಪಿನಲ್ಲಿ ಆ ಟ್ರೇ ಸುಟ್ಟ ಮೇಲೆ ಈ ಭಾನುವಾರ ಕೇಂದ್ರಕ್ಕೆ ಹೋಗಿ ಬಂದೆ. ಭಾನುವಾರ ನಿದ್ದೆ ಬಿಟ್ಟು ಹೋಗುವಂಥ ಕೆಲಸವಲ್ಲ ಅದು, ಆದರೂ ಹೋದೆ. ಹಳಬರು ಯಾರೂ ಇರಲಿಲ್ಲ. ಹಾಲ್‌ನ ಗೋಡೆಗೆ ಆ ಗಾಜಿನ ಮನೆ ಹಾಗೇ ಇತ್ತು. ಒಳಗೆ ಟೊಳ್ಳು ದಿಮ್ಮಿಯೊಂದರಿಂದ ನನ್ನ ಮುಂಗೈಗಿಂತ ದಪ್ಪದ ಒಂದು ಸುತ್ತು ಹೊರಗೆ ಇಳಿಬಿದ್ದಿತ್ತು. ಕಂದು, ಕಪ್ಪು, ಹೊಳೆಯುವ ಮೈ. ಒಂದು ಮಗು ಬಂದು ಗಾಜು ಬಡಿಯಿತು. ಅದು ಅಲುಗಲೂ ಇಲ್ಲ. ಅದೇ ಹಾವು. ಅಲ್ಲಿನ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ, ಇದನ್ನು ಇದರಲ್ಲಿ ಬಿಟ್ಟದ್ದು ಯಾರು, ಯಾವಾಗ ಎಂದು. ತಾನು ಸೇರಿದಾಗಲೇ ಇತ್ತು, ಚೆನ್ನಾಗಿ ತಿನ್ನುತ್ತದೆ ಎಂದಳು. ಗಾಜಿನ ಮೂಲೆಯ ಅಂಟಿನ ಸಂದಿಯಲ್ಲಿ ಮಾಸಲು ಹಳದಿಯ ಒಂದು ಗುರುತಿತ್ತು. ಅರಸಿನವೋ, ಹಳೆಯ ಅಂಟಿನ ಬಣ್ಣವೋ.

ಚಿಕ್ಕ ಮರಿಗಳು ಬಂದರೆ ಎಲ್ಲಿಡುತ್ತೀರಿ ಎಂದು ಕೇಳಿದೆ. "ಬಾಕ್ಸ್ ಗಾಟ್ ಮೆನಿ, ಆಂಟಿ. ಯು ವಾಂಟ್ ಟು ಸೀ?" ಎಂದಳು. ಆಂಟಿ! ರೆಂಟ್ ಜಾಸ್ತಿ ಮಾಡ್ತೀನಿ ನೋಡು ಎನ್ನಬೇಕೆನಿಸಿತು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ತೊಳೆದು ಒಂದರೊಳಗೊಂದು ಪೇರಿಸಿಟ್ಟಿದ್ದ ಡಬ್ಬಿಗಳನ್ನು ತೋರಿಸಿದಳು. ಎಲ್ಲ ಹೊಸವು, ಕಾರ್ಖಾನೆಯಲ್ಲೇ ತೂತು ಮಾಡಿದವು. ತಳದಲ್ಲಿ ಒಂದು ಹಳೆಯದಿತ್ತು. ಪ್ಲಾಸ್ಟಿಕ್ ಹಳದಿಗಟ್ಟಿತ್ತು. ಒಂದು ಬದಿಯಲ್ಲಿ ಗೆರೆ ಎಳೆದಂಥ ಸಾಲು, ಇನ್ನೊಂದು ಬದಿಯಲ್ಲಿ ಸೊಟ್ಟ.

ಹೊರಗಿನ ಅಂಚು ಈಗಲೂ ಚೂಪಾಗಿತ್ತು, ಬೆರಳು ತರಚಿತು. ಕೈ ತೂರಿಸಿ ಒಳಗಡೆ ಸವರಿ ನೋಡಿದೆ. ಅವರ ಬದಿಯೂ ನುಣುಪು, ನನ್ನ ಬದಿಯೂ ನುಣುಪು. ಫೋಟೋ ತೆಗೆದುಕೊಂಡೆ. ಕಳಿಸಲು ಆ ನಂಬರ್ ಹುಡುಕಿ ತೆಗೆದ ಮೇಲೆ, ಅದು ಈಗ ಅವರದಲ್ಲ ಎಂಬುದು ನೆನಪಾಯಿತು...